ಹಿಂಬದಿಯ ಗೋಡೆ

ನಾವು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚಿಗೆ ಬಂದಾಗ ಭೂಕಂಪವಾಗಿ ಎರಡು ವರ್ಷ ಕಳೆದಿತ್ತು. ಊರಿನ ನಡುಭಾಗದಲ್ಲಿ ಬೇಲಿ, ಕ್ರೇನು, ಖಾಲಿ ಜಾಗ ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಹುಬ್ಬಳ್ಳಿಯಲ್ಲಿ ಓದಿ ಪುಣೆಯಲ್ಲಿ ಕೆಲಸ ಮಾಡುತ್ತಿದ್ದ ನನ್ನಂಥ ಸ್ಟ್ರಕ್ಚರಲ್ ಎಂಜಿನಿಯರುಗಳಿಗೆ ಅಲ್ಲಿ ಕೈತುಂಬ ಕೆಲಸ. ಒಂದು ಸಣ್ಣ ಕಂಪನಿ ನನ್ನನ್ನು ಕರೆಸಿಕೊಂಡಿತು. ನನ್ನ ವೀಸಾದ ಮೇಲೆ ಆ ಕಂಪನಿಯ ಹೆಸರೇ ಇತ್ತು. ಕೆಲಸ ಹೋದರೆ ವೀಸಾವೂ ಹೋದಂತೆ. ಗಂಡನ ಮತ್ತು ಐದು ವರ್ಷದ ಮಗಳ ವೀಸಾಗಳು ನನ್ನದನ್ನೇ ನೆಚ್ಚಿಕೊಂಡಿದ್ದವು.

ಮರುವರ್ಷ ಏಪ್ರಿಲ್‌ನಲ್ಲಿ, ರೈಲು ಹಳಿಯ ಪಕ್ಕದ ಎರಡಂತಸ್ತಿನ ಇಟ್ಟಿಗೆ ಕಟ್ಟಡವೊಂದರ ತಪಾಸಣೆಗೆ ನನ್ನನ್ನು ಕಳಿಸಿದರು. ಊರನ್ನು ಮತ್ತೆ ಕಟ್ಟಲು ಹೊರದೇಶಗಳಿಂದ ಬಂದ ಬಡಗಿಗಳು, ಗಾರೆಯವರು ಅಲ್ಲಿ ಬಾಡಿಗೆಗಿದ್ದರು. ಇಟ್ಟಿಗೆ ಗೋಡೆಯನ್ನು ಛಾವಣಿಗೂ ಮಹಡಿಗೂ ಉಕ್ಕಿನ ಸರಳುಗಳಿಂದ ಬಿಗಿದಿರಬೇಕು. ಇಲ್ಲದಿದ್ದರೆ ನೆಲ ಜೋರಾಗಿ ಅಲುಗಿದಾಗ ಗೋಡೆ ಹೊರಕ್ಕೆ ಕಳಚಿ ಬೀಳುತ್ತದೆ. ನಕ್ಷೆಯಲ್ಲಿ ನಾಲ್ಕೂ ಗೋಡೆಗಳಿಗೆ ಸರಳುಗಳಿದ್ದವು. ಟಾರ್ಚ್ ಹಿಡಿದು ಛಾವಣಿಯೊಳಗೆ ತೆವಳಿ ನೋಡಿದೆ. ಹಿಂಬದಿಯ ಗೋಡೆಗೆ ಒಂದೂ ಇರಲಿಲ್ಲ. ಗೋಡೆಗೂ ತೊಲೆಗೂ ನಡುವೆ ನನ್ನ ಅಂಗೈ ತೂರುವಷ್ಟು ಸಂದು ಬಿಟ್ಟಿತ್ತು. ಅದನ್ನೇ ವರದಿಯಲ್ಲಿ ಬರೆದೆ.

ಸೋಮವಾರ ಬಾಸ್ ಆ ವರದಿಯನ್ನು ನನ್ನ ಮೇಜಿನ ಮೇಲೆ ತಂದಿಟ್ಟರು. ಹಿಂಬದಿಯ ಗೋಡೆಯ ಸಾಲಿನ ಮೇಲೆ ಪೆನ್ಸಿಲಿನ ಗೆರೆ ಎಳೆದು, ಬದಿಯಲ್ಲಿ 'ತಪಾಸಣೆಗೆ ಸಿಗಲಿಲ್ಲ' ಎಂದು ಬರೆದಿದ್ದರು. ಅವರೇನೂ ಕೆಟ್ಟ ಮನುಷ್ಯರಲ್ಲ. ನಾವು ಬಂದ ದಿನ ವಿಮಾನ ನಿಲ್ದಾಣಕ್ಕೆ ತಾವೇ ಬಂದು ಕರೆದೊಯ್ದಿದ್ದರು, ಮಗಳಿಗೆಂದು ತಮ್ಮ ಮನೆಯ ಹೀಟರ್ ಕೊಟ್ಟಿದ್ದರು. ಮುಂದಿನ ಬೇಸಿಗೆಯಲ್ಲಿ ಮಾಲೀಕರು ದುರಸ್ತಿ ಮಾಡಿಸುತ್ತಾರೆ, ಮಾತು ಕೊಟ್ಟಿದ್ದಾರೆ ಎಂದರು. ಈಗಲೇ ಬರೆದರೆ ನಗರಾಡಳಿತದ ಕೌನ್ಸಿಲ್ ಆ ಕಟ್ಟಡವನ್ನು ಮುಚ್ಚಿಸುತ್ತದೆ, ಅಲ್ಲಿರುವವರೇ ಬೀದಿಗೆ ಬೀಳುತ್ತಾರೆ ಎಂದೂ ಹೇಳಿದರು. ಶುಕ್ರವಾರ ಮಧ್ಯಾಹ್ನದೊಳಗೆ ನನ್ನ ಸಹಿ ಬೇಕಿತ್ತು. ಹೋಗುವಾಗ ಬಾಗಿಲ ಹತ್ತಿರ ನಿಂತು, ನನ್ನ ವೀಸಾ ನವೀಕರಣದ ಕಾಗದಗಳು ತಮ್ಮ ಮೇಜಿನ ಮೇಲೇ ಇವೆ, ಮರೆತಿಲ್ಲ ಎಂದರು. ಬೆದರಿಸಲು ಹೇಳಿದರೋ, ಅಕ್ಕರೆಯಿಂದ ಹೇಳಿದರೋ ಇಂದಿಗೂ ನನಗೆ ಗೊತ್ತಿಲ್ಲ.

ಆ ಸಂಜೆ ಗಂಡನಿಗೆ ಎಲ್ಲ ಹೇಳಿದೆ. ಅವರು ಚಪಾತಿ ಹಿಟ್ಟು ನಾದುತ್ತಿದ್ದರು, ನಾದುತ್ತಲೇ ಇದ್ದರು.

"ಸಹಿ ಮಾಡು ಅಂತ ನಾ ಹೇಳೂದಿಲ್ಲ, ಮಾಡಬ್ಯಾಡ ಅಂತನೂ ಹೇಳೂದಿಲ್ಲ," ಎಂದರು ಕೊನೆಗೆ. "ಆದ್ರ ವೀಸಾ ಹೋದ್ರ ನಾವು ಮೂರು ಮಂದಿ ಎಲ್ಲಿಗೆ ಹೋಗೂದು, ಅದನ್ನಷ್ಟು ವಿಚಾರ ಮಾಡು."

ಮಂಗಳವಾರ ಆಫೀಸಿನಲ್ಲಿ ನೆಲ ಅಲುಗಿತು. ಸಣ್ಣದು. ಎಲ್ಲರೂ ಕೀಬೋರ್ಡಿನಿಂದ ಕೈ ತೆಗೆದು, ತೂಗುವ ದೀಪವನ್ನು ನೋಡಿದರು, ಅದು ನಿಂತ ಮೇಲೆ ಮತ್ತೆ ಟೈಪ್ ಮಾಡತೊಡಗಿದರು. ಇಂಥ ಕಂಪನಗಳು ಆ ಊರಿಗೆ ಮಾಮೂಲು. ನನಗೆ ಮಾತ್ರ ಆ ಸಂದು ಕಣ್ಣಿಗೆ ಕಟ್ಟಿತು. ಊಟದ ಡಬ್ಬಿ ತೆರೆಯದೆ ಮನೆಗೆ ಒಯ್ದೆ.

ನಮ್ಮ ಆಫೀಸಿನಲ್ಲಿ ವಾರಕ್ಕೆ ಎರಡು ದಿನ ಬಂದು ನಕ್ಷೆ ಬರೆಯುವ ಹಿರಿಯರೊಬ್ಬರಿದ್ದರು. ಯಹೂದಿ, ವಯಸ್ಸು ಎಪ್ಪತ್ತು ದಾಟಿತ್ತು. ಭಾನುವಾರಗಳಲ್ಲಿ ತಮ್ಮ ಪ್ರಾರ್ಥನಾ ಮಂದಿರದ ಕೆಲವರನ್ನು ಕಟ್ಟಿಕೊಂಡು, ಒಂಟಿಯಾಗಿರುವ ಮುದುಕರ ಮನೆಗಳಿಗೆ ಹೋಗಿ ಬಿರುಕು ಮುಚ್ಚುವುದು, ಚಿಮಣಿ ಭದ್ರಪಡಿಸುವುದು ಅವರ ರೂಢಿ. ಯಾವ ಜಾತಿ ಧರ್ಮ ಎಂದು ಕೇಳುತ್ತಿರಲಿಲ್ಲ. ನನ್ನನ್ನೂ ಕರೆದಿದ್ದರು, ಮಗಳು ಸಣ್ಣವಳು ಎಂದು ತಪ್ಪಿಸಿಕೊಂಡಿದ್ದೆ. ಆ ಬುಧವಾರ ಸಂಜೆ ನಾಜಿಗಳು ಕೊಂದ ಯಹೂದಿಗಳ ನೆನಪಿನ ಸಭೆಯಿತ್ತು. ಆಫೀಸಿನವರನ್ನೆಲ್ಲ ಅವರು ಪ್ರತಿವರ್ಷ ಕರೆಯುತ್ತಿದ್ದರಂತೆ. ಆ ವರ್ಷ ಹೋದವಳು ನಾನೊಬ್ಬಳೇ, ಅದೂ ಮನೆಯಲ್ಲಿ ಗಂಡನ ಎದುರು ಕೂರಲಾಗದೆ.

ಮೂವತ್ತು ಜನರೂ ಇರಲಿಲ್ಲ. ಮೇಣದಬತ್ತಿ ಹಚ್ಚಿ, ಒಬ್ಬೊಬ್ಬರೇ ಎದ್ದು ತಮ್ಮ ಮನೆತನದಲ್ಲಿ ಸತ್ತವರ ಹೆಸರು ಓದಿ ಕೂತರು. ಹಿರಿಯರ ಸರದಿ ಬಂದಾಗ ಅವರು ಹೆಸರುಗಳ ಜೊತೆ ಒಂದು ಸಂಗತಿಯನ್ನೂ ಹೇಳಿದರು. ಅವರ ತಂದೆ ಯುದ್ಧಕ್ಕೆ ಮೊದಲೇ ನ್ಯೂಜಿಲೆಂಡಿಗೆ ಬಂದವರು. ತಂದೆಯ ಅಣ್ಣತಮ್ಮಂದಿರು, ತಾಯಿ ಯುರೋಪಿನ ತಮ್ಮ ಊರಲ್ಲೇ ಉಳಿದರು. ಆ ಊರಿನ ಪುರಸಭೆಯ ಗುಮಾಸ್ತ ತಂದೆಯ ಸಹಪಾಠಿ. ಯಾವ ಮನೆಯಲ್ಲಿ ಎಷ್ಟು ಯಹೂದಿಗಳು, ಯಾರ ವಯಸ್ಸೆಷ್ಟು ಎಂದು ನಾಜಿಗಳಿಗೆ ಪಟ್ಟಿ ಮಾಡಿಕೊಟ್ಟವನು ಅವನೇ. ಯುದ್ಧ ಮುಗಿದ ಮೇಲೆ ತಂದೆ ಮನೆಯವರ ಸುದ್ದಿ ಕೇಳಿ ಪುರಸಭೆಗೆ ಬರೆದರು. ಉತ್ತರ ಬಂದದ್ದು ಅದೇ ಗುಮಾಸ್ತನಿಂದ, ಅದೇ ಕುರ್ಚಿಯಿಂದ. ಅಲ್ಲಿ ಯಾರೂ ಉಳಿದಿಲ್ಲ ಎಂದು ತಿಳಿಸಿ, ನಾನು ಯಾರ ಮೇಲೂ ಕೈ ಎತ್ತಲಿಲ್ಲ, ಕೊಟ್ಟ ಕೆಲಸವನ್ನು ಸರಿಯಾಗಿ ಮಾಡಿದೆ ಅಷ್ಟೆ ಎಂದು ಬರೆದಿದ್ದನಂತೆ. ಅಕ್ಷರ ಬಹಳ ಚೆನ್ನಾಗಿತ್ತು ಎಂದು ತಂದೆ ಸಾಯುವವರೆಗೂ ಹೇಳುತ್ತಿದ್ದರಂತೆ.

ನನಗೇ ಹೇಳಿದಂತಿತ್ತು. ಅವರಿಗೆ ನನ್ನ ವರದಿಯ ವಿಷಯ ಗೊತ್ತಿರಲಿಲ್ಲ. ಆ ಮಾತನ್ನು ಅವರು ಪ್ರತಿವರ್ಷ ಹೇಳುತ್ತಾರೆ ಎಂದು ಪಕ್ಕದವರು ಪಿಸುಗುಟ್ಟಿದರು. ಚಹಾ ಕುಡಿಯುವಾಗ ಹಿರಿಯರು, ನೀನೇಕೆ ಏನೂ ತಿನ್ನುತ್ತಿಲ್ಲ ಎಂದು ಕೇಳಿದರು. ಗೋಡೆಯ ವಿಷಯ, ಶುಕ್ರವಾರದ ವಿಷಯ ಎಲ್ಲ ಹೇಳಿಬಿಟ್ಟೆ. ನ್ಯಾಯ ಅನ್ಯಾಯದ ಮಾತು ಆಡುತ್ತಾರೆ ಎಂದುಕೊಂಡಿದ್ದೆ. ಅವರು ಕೇಳಿದ್ದು ಒಂದೇ ಪ್ರಶ್ನೆ.

"ಆ ಗೋಡೆಯ ಪಕ್ಕ ಎಷ್ಟು ಜನ ಮಲಗುತ್ತಾರೆ?"

ನಾನು ಎಣಿಸಿರಲಿಲ್ಲ. ಇಟ್ಟಿಗೆಯ ದಪ್ಪ ಅಳೆದಿದ್ದೆ, ಜನರನ್ನು ಎಣಿಸಿರಲಿಲ್ಲ.

ಗುರುವಾರ ಊಟದ ಹೊತ್ತಿನಲ್ಲಿ ಹೋಗಿ ನೋಡಿದೆ. ಹಿಂಬದಿಯ ನಾಲ್ಕು ಕೋಣೆಗಳಲ್ಲಿ ಒಂಬತ್ತು ಹಾಸಿಗೆ. ಎಲ್ಲ ಹಾಸಿಗೆಗಳ ತಲೆದಿಂಬುಗಳು ಗೋಡೆಗೆ ಒತ್ತಿಕೊಂಡಿದ್ದವು. ಒಂದರ ಮೇಲೆ, ಇಟ್ಟಿಗೆಗೆ ಅಂಟಿಸಿದ ಹೆಣ್ಣುಮಗುವಿನ ಫೋಟೋ. ಶುಕ್ರವಾರ ಬೆಳಿಗ್ಗೆ ಬಾಸ್ ಕೋಣೆಗೆ ಹೋಗಿ, ಈ ಸಾಲು ತೆಗೆದರೆ ನಾನು ಸಹಿ ಮಾಡಲಾರೆ, ವರದಿ ಕೌನ್ಸಿಲ್‌ಗೆ ಹೋಗಲೇಬೇಕು, ನೀವು ಕಳಿಸದಿದ್ದರೆ ನಾನೇ ಒಯ್ಯುತ್ತೇನೆ ಎಂದೆ. ಅವರು ಕಿಟಕಿಯ ಕಡೆ ತಿರುಗಿ, ನಿನ್ನಿಷ್ಟ ಎಂದರು. ಕಳಿಸುತ್ತೇನೆ ಎನ್ನಲಿಲ್ಲ. ನಾನೇ ಒಯ್ದೆ.

ಕೌನ್ಸಿಲ್‌ನವರು ಮಧ್ಯಾಹ್ನವೇ ಬಂದು ನೋಡಿ, ಬಾಗಿಲಿಗೆ ಕೆಂಪು ಚೀಟಿ ಅಂಟಿಸಿದರು. ಒಳಗೆ ಯಾರೂ ಇರುವಂತಿಲ್ಲ, ಸಾಮಾನು ತೆಗೆದುಕೊಳ್ಳಲು ಒಂದು ಗಂಟೆ. ಕೆಲಸ ಮುಗಿಸಿ ಬಂದ ಜನ ತಮ್ಮ ಚೀಲಗಳನ್ನು ಪಾದಚಾರಿ ದಾರಿಯ ಮೇಲೆ ಗುಡ್ಡೆ ಹಾಕಿ ನಿಂತರು. ಚಳಿಗಾಳಿ ಬೀಸುತ್ತಿತ್ತು, ಹೊತ್ತು ಇಳಿಯುತ್ತಿತ್ತು. ವರದಿ ಬರೆದವಳು ನಾನೇ ಎಂದು ಯಾರೋ ತೋರಿಸಿದರು. ಫಿಲಿಪ್ಪೀನ್ಸಿನ ಒಬ್ಬ ಗಾರೆಯವನು, ಕೈಯಲ್ಲಿ ಅದೇ ಫೋಟೋ ಹಿಡಿದಿದ್ದವನು, ನೇರ ನನ್ನೆದುರು ಬಂದು ನಿಂತ.

"ಗೋಡೆ ಯಾವಾಗ ಬೀಳುತ್ತದೋ ನಿಮಗೂ ಗೊತ್ತಿಲ್ಲ," ಎಂದ. "ಇವತ್ತು ನಾವು ಎಲ್ಲಿ ಮಲಗಬೇಕು, ಅದನ್ನು ಹೇಳಿ."

ಬಾಸ್ ಹೇಳಿದ್ದೇ ಆಗಿತ್ತು. ಹಿರಿಯರಿಗೆ ಫೋನ್ ಮಾಡಿದೆ. ಶುಕ್ರವಾರ ಸೂರ್ಯ ಮುಳುಗಿದರೆ ಯಹೂದಿಗಳ ವಿಶ್ರಾಂತಿಯ ದಿನ ಶುರು; ಆಮೇಲೆ ಅವರಲ್ಲಿ ಹಲವರು ಕಾರನ್ನೂ ಓಡಿಸುವುದಿಲ್ಲ. ಅದು ನೆನಪಾಗಿ ಕ್ಷಮೆ ಕೇಳಲು ಹೊರಟೆ. ಅವರು ಮಾತು ಪೂರ್ತಿ ಕೇಳದೆ, ಎಷ್ಟು ಜನ ಎಂದು ಮಾತ್ರ ಕೇಳಿ ಫೋನ್ ಇಟ್ಟರು.

ಮುಕ್ಕಾಲು ಗಂಟೆಯಲ್ಲಿ ಆರು ಕಾರು ಬಂದವು. ಬುಧವಾರ ಹೆಸರು ಓದಿದ್ದ ಮುಖಗಳೇ ಇಳಿದವು. ಕಟ್ಟಡದಲ್ಲಿದ್ದ ಇಪ್ಪತ್ತೊಂದು ಜನರಲ್ಲಿ ಕೆಲವರನ್ನು ಮನೆಗಳಿಗೆ, ಉಳಿದವರನ್ನು ಮಂದಿರದ ಪಕ್ಕದ ಹಾಲಿಗೆ ಕರೆದುಕೊಂಡು ಹೋದರು. ಫೋನಿನಲ್ಲಿ ಸುದ್ದಿ ಕೇಳಿದ್ದ ನನ್ನ ಗಂಡ ಮಗಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಬಂದು, ಹೇಳದೆ ಕೇಳದೆ ಇಬ್ಬರ ಚೀಲಗಳನ್ನು ಡಿಕ್ಕಿಗೆ ತುಂಬಿದರು. ಅದರಲ್ಲೊಬ್ಬ ಆ ಗಾರೆಯವನು. ದಾರಿಯುದ್ದಕ್ಕೂ ಅವನು ನನ್ನ ಕಡೆ ನೋಡಲಿಲ್ಲ. ಮಗಳು ಅವನ ಮಗಳ ಹೆಸರು ಕೇಳಿದಾಗ ಮಾತ್ರ ಬಾಯಿ ಬಿಟ್ಟ. ಮೂರು ವಾರ ಆ ಇಬ್ಬರೂ ನಮ್ಮ ಮುಂದಿನ ಕೋಣೆಯಲ್ಲಿದ್ದರು. ಹೋಗುವ ದಿನ ಅವನು ಗಂಡನ ಕೈ ಕುಲುಕಿದ. ನನಗೆ ತಲೆಯಾಡಿಸಿದ, ಅಷ್ಟೆ.

ಬಾಸ್ ನನ್ನನ್ನು ತೆಗೆದುಹಾಕಲಿಲ್ಲ. ಹೊಸ ಕಟ್ಟಡಗಳ ಕೆಲಸ ಕೊಡುವುದನ್ನು ನಿಲ್ಲಿಸಿದರು, ವೀಸಾ ಕಾಗದಗಳಿಗೆ ಸಹಿ ಹಾಕಲು ತಿಂಗಳುಗಟ್ಟಲೆ ತಡ ಮಾಡಿದರು. ಆ ತಿಂಗಳುಗಳಲ್ಲಿ ಅಂಚೆಯವನ ಸದ್ದು ಕೇಳಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿಲಿಗೆ ಓಡುತ್ತಿದ್ದೆ. ಕಡೆಗೆ ಅದೇ ದೇಶದ ಡನೀಡಿನ್‌ನ ಒಂದು ಕಚೇರಿ ನನ್ನನ್ನು ಕರೆಯಿತು. ಮರುವರ್ಷ ಆ ಇಟ್ಟಿಗೆ ಕಟ್ಟಡವನ್ನು ಕೆಡವಿದರು. ಅಷ್ಟರವರೆಗೆ ಹಿಂಬದಿಯ ಗೋಡೆ ನಿಂತೇ ಇತ್ತು. ಬೀಳುತ್ತಿತ್ತೋ ಇಲ್ಲವೋ, ಯಾರೂ ಹೇಳಲಾರರು.

ಡನೀಡಿನ್‌ಗೆ ಹೊರಡುವ ಮೊದಲಿನ ಭಾನುವಾರಗಳಲ್ಲಿ ನಾನೂ ಹಿರಿಯರ ಜೊತೆ ಹೋಗತೊಡಗಿದ್ದೆ. ಒಂದು ದಿನ ಯಾರದೋ ಅಂಗಳದಲ್ಲಿ ಗಾರೆ ಕಲಸುತ್ತಾ, ಅಂದು ನಿಮ್ಮ ತಂದೆಯ ಕಥೆ ಕೇಳದಿದ್ದರೆ ನಾನು ಸಹಿ ಹಾಕಿಬಿಡುತ್ತಿದ್ದೆ ಎಂದೆ. ಅವರಿಗೆ ಸಂತೋಷವಾಗಲಿಲ್ಲ.

"ನಾನು ಹಾಕಿದ್ದೆ," ಎಂದರು. "ನಿನ್ನ ವಯಸ್ಸಿನಲ್ಲಿ. ತಂದೆಯ ಕಥೆ ನೂರು ಸಲ ಕೇಳಿದ ಮೇಲೂ."

ಅವರು ಸಹಿ ಹಾಕಿದ್ದು ಒಂದು ಶಾಲೆಯ ಮೆಟ್ಟಿಲಿನ ನಕ್ಷೆಗೆ. ನಕ್ಷೆಯಲ್ಲಿ ತಪ್ಪಿದ್ದುದು ಅವರಿಗೆ ತಿಳಿದಿತ್ತು. ಮೇಲಿನವರು ಪರವಾಗಿಲ್ಲ ಎಂದರು. ಇವರು ಸಹಿ ಮಾಡಿದರು. ಏನೂ ಆಗಲಿಲ್ಲ. ಮೂವತ್ತು ವರ್ಷ ಮಕ್ಕಳು ಹತ್ತಿ ಇಳಿದರು. ಪ್ರತಿದಿನ ಬೆಳಿಗ್ಗೆ ಶಾಲೆಯ ಗಂಟೆಯ ಹೊತ್ತಿಗೆ ತಮಗೆ ಎಚ್ಚರವಾಗುತ್ತಿತ್ತು ಎಂದರು. ತಂದೆಗೆ ಅದನ್ನು ಹೇಳಲು ಧೈರ್ಯವಾಗಲಿಲ್ಲ ಎಂದೂ ಹೇಳಿದರು.

ಅವರು ನನ್ನ ಮಾತಿಗೆ ಕಾಯಲಿಲ್ಲ. ಗಾರೆ ಗಟ್ಟಿಯಾಗುತ್ತಿದೆ, ಇನ್ನಷ್ಟು ನೀರು ತಾ ಎಂದು ಬಕೆಟ್ ನನ್ನ ಕಡೆ ಸರಿಸಿದರು.