ಕೇಳಿಸದ ಪ್ರಶ್ನೆಗೆ ಕೊಟ್ಟ ಉತ್ತರ

ನಮ್ಮ ಶಾಲೆಯಲ್ಲಿ ಲೆಕ್ಕದ ಮೇಡಂ ಬಂದರೆಂದರೆ ಮಕ್ಕಳು ದಾರಿ ಬಿಟ್ಟು ನಿಲ್ಲುತ್ತಿದ್ದರು. ಕೂತಲ್ಲಿಂದಲೇ ಉತ್ತರ ಹೇಳಿದರೆ ಅವರು ಒಪ್ಪುತ್ತಿರಲಿಲ್ಲ. ಎದ್ದು ಬರಬೇಕು, ಬೋರ್ಡಿನ ಮೇಲೆ ಬರೆಯಬೇಕು, ಅವರ ಕಡೆ ಮುಖ ತಿರುಗಿಸಿ ಮಾತಾಡಬೇಕು. ಶಿಸ್ತು ಅಂದರೆ ಇದು ಎಂದು ಹೆಡ್‌ಮಾಸ್ಟರು ಉಳಿದ ಮೇಷ್ಟರುಗಳಾದ ನಮಗೆಲ್ಲ ಅವರನ್ನೇ ತೋರಿಸುತ್ತಿದ್ದರು. ಅದು ಶಿಸ್ತಲ್ಲ, ಮೇಡಂಗೆ ಕಿವಿ ಕೇಳಿಸುತ್ತಿಲ್ಲ ಎನ್ನುವುದು ಅವರ ಗಂಡ ಮತ್ತು ಒಬ್ಬ ಡಾಕ್ಟರ ಹೊರತು ಇನ್ನಾರಿಗೂ ಗೊತ್ತಿರಲಿಲ್ಲ.

ಮೊದಲು ಎಡಗಿವಿ ಹೋಯಿತು. ಆಮೇಲೆ ಬಲಗಿವಿಯಿಂದ ಸಣ್ಣ ದನಿಗಳು ಒಂದೊಂದಾಗಿ ಉದುರತೊಡಗಿದವು: ಕುಕ್ಕರಿನ ಕೂಗು, ಫೋನಿನ ರಿಂಗು, ಕೊನೆಗೆ ಮಕ್ಕಳ ಮಾತು. ಗಂಡಸರ ದಪ್ಪ ದನಿ ತಕ್ಕಮಟ್ಟಿಗೆ ಸಿಗುತ್ತಿತ್ತು. ಉಳಿದದ್ದನ್ನು ತುಟಿ ನೋಡಿ ಊಹಿಸಿಕೊಳ್ಳುತ್ತಿದ್ದರು. ಗಂಡನದು ಪುಸ್ತಕಕ್ಕೆ ರಟ್ಟು ಹಾಕುವ ಅಂಗಡಿ. "ಗೋಡೆಗೂ ಕಿವಿ ಇರುತ್ತಂತೆ, ನಿನಗೆ ಮಾತ್ರ ಇಲ್ಲ ನೋಡು" ಎಂದು ನಗಿಸಿಯೇ ಡಾಕ್ಟರ ಹತ್ತಿರ ಕರೆದೊಯ್ದಿದ್ದರು. ಎರಡೂ ಕಿವಿಗೆ ಮಿಷನ್ ಹಾಕಿಸಿಕೊಳ್ಳಿ ಎಂದು ಡಾಕ್ಟರು ಹೇಳಿದರು. ಮೇಡಂ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟರು.

ಮಿಷನ್ ಹಾಕಿಕೊಂಡರೆ ಎಲ್ಲರಿಗೂ ಗೊತ್ತಾಗುತ್ತದೆ ಎಂಬ ಅವರ ಭಯಕ್ಕೂ ಕಾರಣವಿತ್ತು. ಆ ವರ್ಷ ಒಬ್ಬ ಮೇಷ್ಟರು ಬಿಟ್ಟು ಹೋದಾಗ ಆಡಳಿತ ಮಂಡಳಿಯವರು ಆ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳಲಿಲ್ಲ. ಎಂಟನೇ ತರಗತಿಯ ಎರಡು ಸೆಕ್ಷನ್ನುಗಳನ್ನು ಕೂಡಿಸಿ ಹಾಲಿಗೆ ತುಂಬಿದರು. ಇಬ್ಬರು ಕೂರುವ ಬೆಂಚಿನಲ್ಲಿ ನಾಲ್ವರು, ತಲೆಯ ಮೇಲೆ ಗಡಗಡಿಸುವ ಹಳೇ ಫ್ಯಾನುಗಳು, ಪಕ್ಕದಲ್ಲೇ ಮುಖ್ಯರಸ್ತೆ. ಲೆಕ್ಕಕ್ಕೆ ಇಬ್ಬರು ಯಾಕೆ, ಒಬ್ಬರು ಸಾಲದೇ ಎಂಬ ಮಾತು ಬೇರೆ ಓಡಾಡುತ್ತಿತ್ತು. ಇಬ್ಬರಲ್ಲಿ ಒಬ್ಬರನ್ನು ಕಳಿಸಬೇಕಾದರೆ ಕಿವುಡಿಯನ್ನು ಬಿಟ್ಟು ಯಾರನ್ನು ಕಳಿಸುತ್ತಾರೆ ಎಂದು ಮೇಡಂ ಗಂಡನನ್ನು ಕೇಳಿದರಂತೆ.

ಆ ಹಾಲಿನ ಕೊನೆಯ ಬೆಂಚಿನಲ್ಲಿ ಒಬ್ಬಳು ಹುಡುಗಿ ಕೂರುತ್ತಿದ್ದಳು. ಅವಳ ದನಿ ಹಲ್ಲು ದಾಟಿ ಹೊರಗೆ ಬರುತ್ತಿರಲಿಲ್ಲವಾದ್ದರಿಂದ ಮಕ್ಕಳು ಅವಳಿಗೆ ಪಿಸುಮಾತು ಎಂದು ಹೆಸರಿಟ್ಟಿದ್ದರು. ತಾಯಿ ಇರಲಿಲ್ಲ, ಬಟ್ಟೆ ಇಸ್ತ್ರಿ ಮಾಡುವ ಚಿಕ್ಕಮ್ಮನ ಮನೆಯಲ್ಲಿದ್ದು ಓದುತ್ತಿದ್ದಳು. ಅಕ್ಕ ದೂರದ ಇನ್ನೊಂದು ಊರಿನಲ್ಲಿ ಸಿದ್ಧ ಉಡುಪಿನ ಕಾರ್ಖಾನೆಗೆ ಹೋಗುತ್ತಿದ್ದಳು.

ಪರೀಕ್ಷೆ ಹತ್ತಿರ ಬಂದಿತ್ತು. ಕಿರುಪರೀಕ್ಷೆಯ ಅಂಕಗಳನ್ನು ಸಂಜೆಯೊಳಗೆ ಪೋಷಕರ ಆ್ಯಪ್‌ಗೆ ಹಾಕದಿದ್ದರೆ ನೋಟಿಸ್ ಎಂದು ಬೆಳಿಗ್ಗೆಯೇ ತಾಕೀತಾಗಿತ್ತು. ಮಧ್ಯಾಹ್ನದ ಬಿಡುವಿನಲ್ಲಿ ಮೇಡಂ ಊಟದ ಡಬ್ಬಿ ಬಿಚ್ಚದೆ ಹಾಲಿನಲ್ಲೇ ಕೂತು ಫೋನಿನಲ್ಲಿ ಅಂಕ ಒತ್ತುತ್ತಿದ್ದರು. ಮೇಜಿನ ಪಕ್ಕ ನೆರಳು ಬಿತ್ತು. ತಲೆಯೆತ್ತಿದರೆ ಪಿಸುಮಾತು. ಹುಡುಗಿ ನೆಲ ನೋಡುತ್ತ ಏನೋ ಹೇಳಿದಳು. ಬಗ್ಗಿದ ಮುಖದಲ್ಲಿ ತುಟಿ ಕಾಣಲಿಲ್ಲ. ಹೇಳಿ ಮುಗಿಸಿ ಹಾಗೇ ನಿಂತಳು. ಏನೋ ಕೇಳಿದ್ದಾಳೆ ಎಂದಷ್ಟೇ ಮೇಡಂಗೆ ತಿಳಿಯಿತು. ಇನ್ನೊಮ್ಮೆ ಹೇಳು ಎಂದು ಆಗಲೇ ಆ ದಿನ ಎಷ್ಟೋ ಮಕ್ಕಳಿಗೆ ಹೇಳಿದ್ದರು, ಮುಂದಿನ ಬೆಂಚಿನವರು ಮುಸಿಮುಸಿ ನಕ್ಕದ್ದನ್ನೂ ನೋಡಿದ್ದರು. ನೀರು ಕುಡಿಯಲು ಹೋಗಲೇ ಎಂದೋ, ಪುಸ್ತಕ ನಾಳೆ ತರಲೇ ಎಂದೋ ಇರಬೇಕು.

"ಸರಿ, ಹಾಗೇ ಮಾಡು" ಎಂದರು.

ಹುಡುಗಿ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದು ಹೊರಟುಹೋದಳು.

ಮಧ್ಯಾಹ್ನದ ಮೊದಲ ಪೀರಿಯಡ್ಡಿನಲ್ಲಿ ಕೊನೆಯ ಬೆಂಚಿನಲ್ಲಿ ಜಾಗ ಖಾಲಿಯಿತ್ತು. ಬ್ಯಾಗೂ ಇರಲಿಲ್ಲ. ಎಲ್ಲಿ ಅವಳು ಎಂದು ಮೇಡಂ ಕೇಳಿದರು. ಪಕ್ಕದ ಹುಡುಗಿ ಎದ್ದು ಏನೋ ಅಂದಳು. ಅರ್ಥವಾಗಲಿಲ್ಲ. ಮತ್ತೆ ಅಂದಳು. ಹಾಲಿನ ತುಂಬ ನಗು ಹರಡಿತು. ಮೇಡಂ ಬೆಂಚುಗಳ ನಡುವೆ ನುಸುಳಿಕೊಂಡು ಹೋಗಿ ಅವಳ ಗಲ್ಲ ಹಿಡಿದು ಮುಖವನ್ನು ತಮ್ಮ ಕಡೆ ತಿರುಗಿಸಿಕೊಂಡರು.

"ನೀವೇ ಹೇಳಿದ್ರಂತಲ್ಲ ಮೇಡಂ. ನಂಗೆ ಏನೂ ತಲೆಗೆ ಹೋಗ್ತಿಲ್ಲ, ಶಾಲೆ ಬಿಟ್ಬಿಡ್ಲಾ ಅಂತ ಅವ್ಳು ಕೇಳಿದ್ಳಂತೆ. ಸರಿ, ಹಾಗೇ ಮಾಡು ಅಂದ್ರಂತೆ. ಅತ್ಕೊಂಡು ಹೋದ್ಳು."

ಮೇಡಂ ಸೀಮೆಸುಣ್ಣ ಹಿಡಿದುಕೊಂಡೇ ಹೊರಗೆ ಓಡಿದರು.

ಹೆಡ್‌ಮಾಸ್ಟರಿಗೆ, ಒಂದು ಹುಡುಗಿ ಹೇಳದೆ ಹೋಗಿದ್ದಾಳೆ ಎಂದಷ್ಟೇ ಹೇಳಿದರು. ಅವರು ವಾಚ್‌ಮನ್ನನ್ನು ಬೈಯುತ್ತಿರುವಾಗಲೇ ಗೇಟು ದಾಟಿದರು. ಚಿಕ್ಕಮ್ಮನ ಮನೆ ಎರಡು ಬೀದಿ ಆಚೆ. ಆಕೆ ಇಸ್ತ್ರಿಪೆಟ್ಟಿಗೆ ಎತ್ತಿ ನಿಲ್ಲಿಸಿ, ಹುಡುಗಿ ಬಂದು ಬಟ್ಟೆ ಬದಲಿಸಿ ಹೋದಳು, ಶಾಲೆಗೆ ಬೇಗ ರಜೆ ಕೊಟ್ಟರು ಅಂದಳು ಎಂದು ಹೇಳಿದಳು. ಅಷ್ಟರಲ್ಲಿ, ಹುಡುಗಿ ಅಕ್ಕನ ಊರಿಗೆ ಹೊರಟಿದ್ದಾಳೆ ಎಂದು ಆಕೆಗೆ ಹೊಳೆಯಿತು. ಮೂಲೆಯ ಗೂಟಕ್ಕೆ ನೇತುಹಾಕಿದ್ದ ಅಕ್ಕನ ಹಳೇ ಕೈಚೀಲ ಅಲ್ಲಿರಲಿಲ್ಲ. ಅಕ್ಕನ ಫೋನಿಗೆ ಮಾಡಿದರೆ, ಕೆಲಸದ ಹೊತ್ತು, ಅದು ಆಫಾಗಿತ್ತು. ಅಷ್ಟು ದೊಡ್ಡ ಊರಿನಲ್ಲಿ ಇಳಿದು ಆ ಮಗು ಯಾರನ್ನು ಕೇಳೀತು? ಕೇಳಿದರೂ ಅವಳ ದನಿ ಯಾರಿಗೆ ಕೇಳಿಸೀತು?

ಬಸ್ ನಿಲ್ದಾಣದ ಮುಂದೆ ರಸ್ತೆ ದಾಟುವಾಗ ಯಾರೋ ತೋಳು ಹಿಡಿದು ಜಗ್ಗಿದರು. ಮೂಗಿನ ಮುಂದೆಯೇ ಲಾರಿ ಹಾದುಹೋಯಿತು. ಜಗ್ಗಿದ ಮನುಷ್ಯ ಬಾಯಿ ದೊಡ್ಡದು ಮಾಡಿ ಬೈಯುತ್ತಿದ್ದ, ಹಾರ್ನ್ ಹಾರ್ನ್ ಎಂದು ಕೈಯಲ್ಲಿ ತೋರಿಸುತ್ತಿದ್ದ. ಮೇಡಂ ತಲೆಯಾಡಿಸಿ ಒಳಗೆ ಓಡಿದರು.

ವಿಚಾರಣೆಯ ಕಿಟಕಿಯಲ್ಲಿ ಗಾಜಿನ ಹಿಂದೆ ಮೀಸೆ ಬೆಳೆಸಿದ ಒಬ್ಬ ನೌಕರ ಕೂತಿದ್ದ. ಆ ಊರಿನ ಬಸ್ ಎಲ್ಲಿ ನಿಲ್ಲುತ್ತದೆ ಎಂದು ಕೇಳಿದರು. ಅವನು ಹೇಳಿದ. ಬಸ್ಸುಗಳ ಗದ್ದಲದಲ್ಲಿ ದನಿ ಸಿಗಲಿಲ್ಲ, ಮೀಸೆಯಡಿ ತುಟಿಯೂ ಕಾಣಲಿಲ್ಲ. ಮತ್ತೆ ಕೇಳಿದರು, ಅವನು ಮತ್ತೆ ಹೇಳಿದ, ಹಿಂದಿನವರು ತಳ್ಳಿದರು. ಮೇಡಂ ಗಾಜಿನ ಹತ್ತಿರಕ್ಕೆ ಬಗ್ಗಿದರು.

"ನನಗೆ ಕಿವಿ ಕೇಳ್ಸಲ್ಲ" ಎಂದರು. ಗಂಡ, ಡಾಕ್ಟರ ಹೊರತು ಇನ್ನೊಬ್ಬರಿಗೆ ಅದನ್ನು ಹೇಳಿದ್ದು ಅದೇ ಮೊದಲು. "ಬರೆದು ಕೊಡಿ, ಬೇಗ. ನನ್ನ ಹುಡುಗಿ ಹೋಗ್ತಿದಾಳೆ."

ಅವನು ಬರೆಯಲಿಲ್ಲ. ಕಿಟಕಿ ಮುಚ್ಚಿ ಹೊರಗೆ ಬಂದು, ಮೇಡಂ ಕೈ ಹಿಡಿದು ಓಡಿದ. ಆಗಲೇ ಚಲಿಸತೊಡಗಿದ್ದ ಬಸ್ಸಿನ ಮುಂದೆ ಕೈಬೀಸಿ, ಅದು ನಿಧಾನವಾದದ್ದೇ ಅವರನ್ನು ಹತ್ತಿಸಿದ.

ಹುಡುಗಿ ಹಿಂದಿನ ಚಕ್ರದ ಮೇಲಿನ ಸೀಟಿನಲ್ಲಿ ಕೈಚೀಲ ಅಪ್ಪಿಕೊಂಡು ಕೂತಿದ್ದಳು. ಮೇಡಂ ಅವಳ ಪಕ್ಕ ಕುಸಿದರು. ಹುಡುಗಿಯ ತುಟಿ ಅಲುಗಿತು. ಇಂಜಿನ್ನಿನ ಸದ್ದು ಬಿಟ್ಟರೆ ಇನ್ನೇನೂ ಇಲ್ಲ.

"ನೋಡು ಮಗಾ, ನನಗೆ ಕಿವಿ ಹೋಗಿದೆ. ಮಧ್ಯಾಹ್ನ ನೀನಂದಿದ್ದು ಒಂದಕ್ಷರ ಕೇಳಿಸ್ಲಿಲ್ಲ. ಸುಮ್ನೆ ಸರಿ ಅಂದ್ಬಿಟ್ಟೆ. ಈಗ ಜೋರಾಗಿ ಹೇಳು."

ಹುಡುಗಿ ಹೇಳಿದಳು. ಕೇಳಿಸಲಿಲ್ಲ. ಇನ್ನೂ ಜೋರು ಎಂದರು. ಹುಡುಗಿಯ ಕತ್ತಿನ ನರ ಉಬ್ಬಿತು.

"ಬೇಡ ಅಂತೀರಿ ಅಂತ ಕೇಳಿದ್ದು ನಾನು!"

ಇಡೀ ಬಸ್ಸು ಹಿಂದೆ ತಿರುಗಿತು. ಕಂಡಕ್ಟರ್ ಟಿಕೆಟ್ ಹರಿಯುವುದನ್ನು ನಿಲ್ಲಿಸಿದ. ಮೇಡಂಗೆ ಪ್ರತಿ ಅಕ್ಷರವೂ ಕೇಳಿಸಿತು.

"ಬೇಡ" ಎಂದರು. "ಬಿಡ್ಬೇಡ."

ಮುಂದಿನ ಸ್ಟಾಪಿನಲ್ಲಿ ಇಬ್ಬರೂ ಇಳಿದರು. ಹುಡುಗಿಯೇ ಚಿಕ್ಕಮ್ಮನಿಗೆ ಫೋನ್ ಮಾಡಿ ಮಾತಾಡಿದಳು. ಆ ಕಡೆಯ ಬೈಗುಳ, ಅಳು ಎರಡನ್ನೂ ಅವಳೇ ಕೇಳಿಸಿಕೊಂಡಳು. ವಾಪಸ್ ಬರುವ ದಾರಿಯಲ್ಲಿ ಮೇಡಂ ಒಂದೊಂದೇ ಕೇಳಿ ತಿಳಿದುಕೊಂಡರು. ಸೆಕ್ಷನ್ ಕೂಡಿಸಿದಾಗಿನಿಂದ ಅವಳಿಗೆ ಬೋರ್ಡು ಕಾಣುತ್ತಿರಲಿಲ್ಲ. ಬೀಜಗಣಿತ ಶುರುವಾದ ದಿನವೇ ದಾರಿ ತಪ್ಪಿದ್ದಳು. ಕಾಣಿಸುತ್ತಿಲ್ಲ ಎಂದು ಹಿಂದಿನಿಂದ ಬಹಳ ಸಲ ಹೇಳಿದ್ದಳಂತೆ.

ಮಾರನೆಯ ದಿನ ಮೇಡಂ ಹೆಡ್‌ಮಾಸ್ಟರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಅವರು ಪೂರ್ತಿ ಕೇಳಿ ಕನ್ನಡಕ ತೆಗೆದಿಟ್ಟರಂತೆ.

"ಇಷ್ಟು ದಿನ ನನ್ನ ಮಾತೂ ಕೇಳಿಸ್ತಿರ್ಲಿಲ್ವಾ?"

"ನಿಮ್ದು ಕೇಳಿಸ್ತಿತ್ತು ಸಾರ್. ಮಕ್ಕಳದ್ದೇ ಕೇಳಿಸ್ತಿರ್ಲಿಲ್ಲ."

ಅಂಕ ಹಾಕಿರಲಿಲ್ಲವೆಂದು ನೋಟಿಸ್ ಬಂದೇ ಬಂತು. ಹತ್ತನೇ ತರಗತಿಯನ್ನು ಅವರಿಂದ ತೆಗೆದು ಇನ್ನೊಬ್ಬ ಲೆಕ್ಕದ ಮೇಷ್ಟರಿಗೆ ಕೊಟ್ಟರು. ಮೇಡಂ ಮಿಷನ್ ಹಾಕಿಸಿಕೊಂಡರು. ಮೊದಮೊದಲು ಫ್ಯಾನು, ಬೆಂಚು, ರಸ್ತೆ ಎಲ್ಲ ಒಟ್ಟಿಗೆ ತಲೆಯೊಳಗೆ ನುಗ್ಗಿ, ಕೊನೆಯ ಪೀರಿಯಡ್ಡಿನ ಹೊತ್ತಿಗೆ ಸ್ಟಾಫ್ ರೂಮಿನಲ್ಲಿ ನಮ್ಮೆದುರು ಹಣೆ ಹಿಡಿದು ಕೂರುತ್ತಿದ್ದರು. ಎರಡು ಸೆಕ್ಷನ್ನುಗಳನ್ನು ಮತ್ತೆ ಬೇರೆ ಮಾಡಿ ಎಂದು ನಾವೆಲ್ಲ ಸಹಿ ಹಾಕಿ ಕೊಟ್ಟೆವು. ಆಡಳಿತ ಮಂಡಳಿಯವರು ನೋಡೋಣ ಎಂದಿದ್ದಾರೆ. ಲೆಕ್ಕದ ಇಬ್ಬರಲ್ಲಿ ಯಾರು ಉಳಿಯುತ್ತಾರೆ ಎನ್ನುವುದೂ ಇನ್ನೂ ತೀರ್ಮಾನವಾಗಿಲ್ಲ.

ಹುಡುಗಿಯನ್ನು ಮುಂದಿನ ಬೆಂಚಿಗೆ ಕರೆತಂದು, ಸಂಜೆ ಶಾಲೆ ಬಿಟ್ಟ ಮೇಲೆ ಅವಳ ಜೊತೆ ಇನ್ನೂ ಕೆಲವರನ್ನು ಕೂರಿಸಿಕೊಂಡು ಮೇಡಂ ಮೊದಲಿನಿಂದ ಹೇಳಿಕೊಟ್ಟರು. ಲೆಕ್ಕದಲ್ಲಿ ಅವಳು ಅಂಚಿನಲ್ಲಿ ಪಾಸಾದಳು. ಬೀಜಗಣಿತ ಈಗಲೂ ಅವಳಿಗೆ ಇಷ್ಟವಿಲ್ಲ. ಆ ಮಾತನ್ನು ಮೇಡಂ ಎದುರಿಗೇ, ಹಾಲಿಗೆಲ್ಲ ಕೇಳಿಸುವ ಹಾಗೆ ಹೇಳುತ್ತಾಳೆ.