ಕುಡಿತ ಬಿಟ್ಟ ಮೇಲೂ ಏರಿದ ಕಾಮಾಲೆ

ಕೋವಿಡ್ ಗದ್ದಲ ಅಡಗಿದ ಮರುವರ್ಷ. ನಾನಾಗ ಹಾವೇರಿಯ ಒಂದು ಆಸ್ಪತ್ರೆಯಲ್ಲಿ ಫಿಜಿಶಿಯನ್. ರಾಣೆಬೆನ್ನೂರಿನಲ್ಲಿ ಲೇತ್ ಕೆಲಸ ಮಾಡುತ್ತಿದ್ದ ನಲವತ್ತೊಂದರ ಶೇಖಪ್ಪನನ್ನು ಹೆಂಡತಿ ಗಿರಿಜವ್ವ ಕರೆತಂದಳು. ಅರಿಸಿನಗಣ್ಣು, ಉಬ್ಬಿದ ಹೊಟ್ಟೆ, ಜ್ವರ. ಹದಿನೈದು ವರ್ಷ ಕುಡಿದವನು. ಬಿಡಿಸಲೆಂದೇ ಆಕೆ ಅವನನ್ನು ಬ್ಯಾಡಗಿಯ ತನ್ನ ತವರಿನಲ್ಲಿ ಮೂರು ವಾರ ಇಟ್ಟುಕೊಂಡಿದ್ದಳು.

ಕಾಮಾಲೆಯ ಅಳತೆಯಾದ ಬಿಲಿರುಬಿನ್ ಒಂದರ ಆಸುಪಾಸು ಇರಬೇಕು; ಅವನಿಗೆ ಹದಿನಾಲ್ಕಿತ್ತು. ನಾಲ್ಕನೆಯ ದಿನ ಹದಿನೆಂಟಾಯಿತು. ಬಿಳಿ ರಕ್ತಕಣಗಳೂ ಏರಿದ್ದವು. ಸೋಂಕೆಂದು ಆಂಟಿಬಯೋಟಿಕ್ ಕೊಟ್ಟೆ. ರಕ್ತ, ಮೂತ್ರ, ಹೊಟ್ಟೆಯ ನೀರು, ಯಾವುದರಲ್ಲೂ ರೋಗಾಣು ಬೆಳೆಯಲಿಲ್ಲ. ಸ್ಕ್ಯಾನಿಂಗ್‌ನಲ್ಲಿ ಪಿತ್ತನಾಳ ಸರಿಯಾಗಿತ್ತು. ಜ್ವರ ಇಳಿಯಲಿಲ್ಲ. ಕುಡಿತ ನಿಂತ ಮೇಲೂ ಲಿವರ್ ಉರಿಯುವುದೇಕೆ? ತಲೆ ಓಡದೆ, ಸುಲಭದ ಉತ್ತರ ಹಿಡಿದೆ.

“ಖರೇ ಹೇಳವ್ವಾ, ಕದ್ದು ಕುಡಿಯಾಕತ್ತಾನೇನು?”

“ಮೂರು ವಾರ ನನ್ನ ಕಣ್ಣ ಮುಂದ ಅದಾರ್ರಿ ಸಾಹೇಬ್ರ. ಒಂದು ಹನಿ ಮುಟ್ಟಿಲ್ಲ. ನಿಮಗ ತಿಳೀಲಿಲ್ಲಂದ್ರ ನಮ್ಮ ಮ್ಯಾಲ ಯಾಕ ಹಾಕ್ತೀರಿ?”

ಮುಖಕ್ಕೆ ಹೊಡೆದಂತಾಯಿತು. ಹುಬ್ಬಳ್ಳಿಯಲ್ಲಿ ಲಿವರ್ ತಜ್ಞನಾಗಿದ್ದ ನನ್ನ ಸಹಪಾಠಿಗೆ ಫೋನ್ ಮಾಡಿದೆ. “ಸೋಂಕೇ ಇರಬೇಕಂತಿಲ್ಲೋ. ಪೆಟ್ಟು ತಿಂದ ಲಿವರ್ ಕೋಶಗಳು ತಾವೇ ಉರಿಯೂತ ಬೆಳಸ್ತಾವ,” ಎಂದ. ಆಲ್ಕೋಹಾಲಿನಿಂದ ಜಖಂಗೊಂಡ ಕೋಶಗಳು ರಾಸಾಯನಿಕ ಸಂದೇಶ ಹೊರಡಿಸಿ ಬಿಳಿ ರಕ್ತಕಣಗಳನ್ನು ಕರೆಯುತ್ತವೆ. ನೆರವಿಗೆ ಬಂದ ಕಣಗಳು ಪಕ್ಕದ ಕೋಶಗಳನ್ನೂ ಕೆಡಿಸುತ್ತವೆ. ಕೆಟ್ಟವು ಮತ್ತೆ ಕರೆಯುತ್ತವೆ. ಕುಡಿತ ನಿಂತರೂ ಈ ಸುತ್ತು ವಾರಗಟ್ಟಲೆ ನಿಲ್ಲದಿರಬಹುದು. ಕೋಶಗಳು ಬರೀ ಏಟು ತಿನ್ನುತ್ತವೆಂದೇ ನಾನು ಅಷ್ಟು ವರ್ಷ ತಿಳಿದಿದ್ದೆ.

ಸ್ಟೆರಾಯ್ಡ್ ಕೊಟ್ಟರೆ ಉರಿಯೂತ ತಗ್ಗಬಹುದಿತ್ತು. ಎಲ್ಲಾದರೂ ಸೋಂಕು ಅಡಗಿದ್ದರೆ, ಮೈಯ ರೋಗನಿರೋಧಕ ಶಕ್ತಿ ಕುಗ್ಗಿಸುವ ಅದೇ ಔಷಧ ಜೀವ ತೆಗೆಯಬಹುದಿತ್ತು. ಎರಡನ್ನೂ ಗಂಡಹೆಂಡಿರ ಮುಂದಿಟ್ಟೆ.

“ನಿಮಗ ಏನ ಅನಸ್ತೈತ್ರಿ?” ಗಿರಿಜವ್ವ ಕೇಳಿದಳು.

“ಕೊಡೂದು ಚಲೋ ಅನಸ್ತೈತಿ. ಆದ್ರ ಖಾತ್ರಿ ಇಲ್ಲವ್ವಾ.”

ಅಷ್ಟು ದಿನ ಗೋಡೆಗೆ ಮುಖ ಮಾಡಿ ಮಲಗಿದ್ದ ಶೇಖಪ್ಪ ಈ ಕಡೆ ಹೊರಳಿದ. “ಕೊಡ್ರಿ. ನಾ ಸುಳ್ಳ ಹೇಳಿಲ್ಲ ಅಂತಾದ್ರೂ ಗೊತ್ತಾಗ್ಲಿ.”

ಕೊಟ್ಟೆ. ಪ್ರತಿ ಬೆಳಿಗ್ಗೆ ಜ್ವರದ ಪಟ್ಟಿ ನೋಡಲು ಅಂಜುತ್ತಿದ್ದೆ. ಏಳನೆಯ ದಿನ ಬಿಲಿರುಬಿನ್ ಹನ್ನೊಂದಕ್ಕೆ ಇಳಿಯಿತು, ಜ್ವರವೂ ಬಿಟ್ಟಿತ್ತು. ತಿಂಗಳ ಹೊತ್ತಿಗೆ ಅವನು ತಾನೇ ನಡೆದು ಆಸ್ಪತ್ರೆಯಿಂದ ಮನೆಗೆ ಹೊರಟ. ಹೊರಡುವಾಗ ಗಿರಿಜವ್ವನ ಕ್ಷಮೆ ಕೇಳಿದೆ. ಆಕೆ ಹಾಸಿಗೆಯ ಚಾದರ ಮಡಚತೊಡಗಿದಳು.

ಅವನನ್ನು ಉಳಿಸಿದ್ದು ಔಷಧವೋ, ಹೆಂಡತಿಯ ಮೂರು ವಾರದ ಕಾವಲೋ, ಇವತ್ತಿಗೂ ಹೇಳಲಾರೆ. ಒಂದು ಮಾತ್ರ ಕಲಿತೆ: ವೈದ್ಯನಿಗೆ ತಿಳಿಯದ್ದೆಲ್ಲ ರೋಗಿಯ ಸುಳ್ಳಲ್ಲ.