ಸನ್ನತಿಯವರೆಗೆ ಟ್ರಾಯಲ್

ಶಹಾಬಾದಿನ ಆ ಮಿಸ್ತ್ರಿ ಗೇರ್‌ಬಾಕ್ಸ್ ಬಿಚ್ಚಿದನೆಂದರೆ ಗೇರುಗಳನ್ನೆಲ್ಲ ಫರಸಿಕಲ್ಲಿನ ಮೇಲೆ ಹರವಿ, ಹೆಬ್ಬೆರಳಿನಿಂದ ಹಲ್ಲು ಸವರುತ್ತಿದ್ದ. ‘ಹೊಸಾದು ಯಾಕ್ರಿ? ಹಳೇದರಾಗ ಜೀವ ಅದ,’ ಎಂದು ಗುಜರಿಯ ಗೇರುಗಳನ್ನೇ ಕೂಡಿಸುತ್ತಿದ್ದ. ಕೂಲಿಯೂ ಕಡಿಮೆ. ರಿಪೇರಿಯಾದ ಗಾಡಿ ಓಡಿಸಿ ಟ್ರಾಯಲ್ ಮಾತ್ರ ತಾನೇ ನೋಡಬೇಕೆಂಬ ಹಟ.

ಅಕ್ಕನ ನಿಶ್ಚಯಕ್ಕೆ ಮರುದಿನವೇ ಚಿತ್ತಾಪುರಕ್ಕೆ ಹೋಗಬೇಕಿತ್ತು. ರಿಪೇರಿಗೆ ಅವನ ಹತ್ತಿರ ಬಿಟ್ಟಿದ್ದ ನಮ್ಮ ಕಾರು ತರಲು ಅಪ್ಪನೊಂದಿಗೆ ಹೋದರೆ ಗ್ಯಾರೇಜಿಗೆ ಬೀಗ.

‘ಟ್ರಾಯಲ್‌ಗೆ ಸನ್ನತಿ ಗುಡಿಗೆ ಹೋಗ್ಯಾನ್ರಿ,’ ಎಂದ ಪಕ್ಕದ ಚಹಾದಂಗಡಿಯವನು.

ಬಸ್ಸು ಹಿಡಿದು ಹೋದೆವು. ಗುಡಿಯ ಮುಂದೆ ನಮ್ಮ ಕಾರು. ಅದರ ನೆರಳಿನಲ್ಲಿ ಮಿಸ್ತ್ರಿಯ ಹೆಂಡತಿ, ಅತ್ತೆ, ನಾದಿನಿಯರು ಬುತ್ತಿ ಬಿಚ್ಚಿದ್ದರು.

‘ಬರ್ರಿ ಸಾವಕಾರ್ರ, ಕುಂದ್ರಿ. ಗೇರು ಭಾಳ ಚಂದ ಬೀಳಾಕತ್ತಾವ!’

ಬೈಯಲು ಬಂದಿದ್ದ ಅಪ್ಪ ರೊಟ್ಟಿ ಉಂಡರು. ಹೊರಡುವಾಗ ನೋಡಿದರೆ ಕಾರಿನ ತುಂಬ ಅವನ ಮಂದಿ.

‘ನೀವು ಬಸ್ಸಿಗೆ ಬರ್ರಿ,’ ಎಂದ ಮಿಸ್ತ್ರಿ, ‘ತಿರುಗಿ ಹೋಗೋ ಟ್ರಾಯಲ್ ಇನ್ನಾ ಉಳದದ.’